ಗುಫ್ರಾನ್ ಒಪ್ಪದ ಗಾಡಿಯನ್ನು ಯಾರೂ ಹತ್ತುವುದಿಲ್ಲ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಲಬುರಗಿಯಲ್ಲಿ ಹುಮನಾಬಾದ್ ರಸ್ತೆ ರಿಂಗ್ ರೋಡನ್ನು ಕೂಡುವ ಕಡೆ ಒಂದು ತಗಡಿನ ಶೆಡ್ಡು. ಅದರ ಮುಂದೆ ನಿಂತಿರುವ ಪಿಕಪ್ ಗಾಡಿಯ ಕೆಳಗಿನಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿವೆ. ಆ ಕಾಲಿನವರು ಯಾರನ್ನೋ ಜೋರಾಗಿ ಬೈಯುತ್ತಿದ್ದಾರೆ. ಯಾರನ್ನು ಎಂದು ಬಗ್ಗಿ ನೋಡಿದರೆ ಅಲ್ಲಿ ಇನ್ನೊಬ್ಬರಿಲ್ಲ. ಬೈಗುಳವೆಲ್ಲ ಅಂಗೈಯಲ್ಲಿ ಹಿಡಿಸುವಂಥ ಒಂದು ಪಂಪಿನ ಮೇಲೆ ಬೀಳುತ್ತಿದೆ.

“ನೋಡ್ರಿ ಸರ, ಇದರ ಹಣೇಬರಹ,” ಎನ್ನುತ್ತ ಗುಫ್ರಾನ್ ಹೊರಗೆ ಜಾರಿ ಬರುತ್ತಾರೆ. ಗಡ್ಡಕ್ಕೆಲ್ಲ ಡೀಸೆಲ್ ಮೆತ್ತಿದೆ. “ಮ್ಯಾಲ ಕಂಪನಿ ಚೀಟಿ ಅಂಟಿಸ್ಯಾರ. ಒಳಗ ಬರೇ ನಕಲಿ ಮಾಲ್. ಇದನ್ನ ಮಾರಿದಾಂವ ರಾತ್ರಿ ಹೆಂಗ ನಿದ್ದಿ ಮಾಡ್ತಾನ? ಇದನ್ನ ಕೊಂಡು ಗಾಡಿಗೆ ಹಾಕ್ಸಿದಾಂವ ಹೆಂಗ ನಿದ್ದಿ ಮಾಡ್ತಾನ?”

ಪಂಪನ್ನು ಮೂಲೆಯ ಡಬ್ಬಿಗೆ ಎಸೆಯುತ್ತಾರೆ. ಅಲ್ಲಿ ಅಂಥವು ಇನ್ನೂ ಬಿದ್ದಿವೆ.

ಇದಕ್ಕೆ ಲಿಫ್ಟ್ ಪಂಪ್ ಎನ್ನುತ್ತಾರೆ. ಟಾಕಿಯಲ್ಲಿರುವ ಡೀಸೆಲ್ ಎತ್ತಿ ಮುಂದೆ ಎಂಜಿನ್ನಿಗೆ ಕಳಿಸುವುದು ಇದರ ಕೆಲಸ. ಗಾಡಿ ಕೊಳ್ಳುವವರು ಟೈರು ನೋಡುತ್ತಾರೆ, ಬಾಡಿ ನೋಡುತ್ತಾರೆ, ಮುಂದಿನ ಗಾಜಿನ ಮೇಲೆ ದೇವರ ಹೆಸರು ಬರೆಸುತ್ತಾರೆ. ಇದನ್ನು ಯಾರೂ ನೋಡುವುದಿಲ್ಲ. ಸಪಾಟು ರಸ್ತೆಯಲ್ಲಿ ದುರ್ಬಲ ಪಂಪು ಕೂಡ ಹೇಗೋ ನಡೆಸಿಕೊಂಡು ಹೋಗುತ್ತದೆ. ಭಾರ ಹೊತ್ತು ಏರು ಹತ್ತುವಾಗ ಎಂಜಿನ್ ಹೆಚ್ಚು ಡೀಸೆಲ್ ಕೇಳುತ್ತದೆ. ಆಗ ಪಂಪು ಕೈಚೆಲ್ಲಿದರೆ ಎಂಜಿನ್ ಅಲ್ಲೇ ಬಂದ್ ಬೀಳುತ್ತದೆ. ಬ್ರೇಕಿಗೆ ಎಂಜಿನ್ ಕೊಡುತ್ತಿದ್ದ ಬಲವೂ ಅದರ ಜೊತೆಗೇ ಹೋಗುತ್ತದೆ. ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಗುತ್ತದೆ. ಹಿಂದೆ ಇಳಿಜಾರು, ಮೇಲೆ ಭಾರ, ಚಾಲಕನ ಪಾಲಿಗೆ ಉಳಿಯುವುದು ಅವನ ಒಂದು ಕಾಲಿನ ಶಕ್ತಿ ಮಾತ್ರ.

ಗುಫ್ರಾನ್ ಹಳೆಯ ಪಂಪಿನ ಜಾಗದಲ್ಲಿ ಅದಕ್ಕಿಂತ ಜೋರಾಗಿ ಡೀಸೆಲ್ ತಳ್ಳುವ ಹೊಸ ಪಂಪು ಕೂರಿಸುತ್ತಿದ್ದಾರೆ. ಟಾಕಿಯ ಪಕ್ಕದಲ್ಲೇ ಗಾಡಿಯ ತಳದ ಚಾಸಿಗೆ ಬೋಲ್ಟು ಬಿಗಿದು, ಅದರ ಹಿಂದೆ ನೀರು ತಡೆಯುವ ಫಿಲ್ಟರ್ ಹಾಕುತ್ತಾರೆ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು ನಡುವೆ ಕರೆಂಟು ಬಿಡುವ, ತಡೆಯುವ ರಿಲೇ ಕೂರಿಸುತ್ತಾರೆ. ಗಾಡಿಯ ಹಳೆಯ ವೈರು ತೆಳ್ಳಗಿದೆ, ಅದರ ಮೂಲಕ ಬರುವ ಕರೆಂಟು ಹೊಸ ಪಂಪಿಗೆ ಸಾಲುವುದಿಲ್ಲ. ಅಪಘಾತವಾಗಿ ಎಂಜಿನ್ ನಿಂತರೆ ಪಂಪೂ ತಾನಾಗಿ ನಿಂತು ಡೀಸೆಲ್ ಸುರಿಯದಂತೆ ಒಂದು ಸ್ವಿಚ್ಚು. ಕೊನೆಗೆ ಪಾರದರ್ಶಕ ಪೈಪಿನ ತುಂಡೊಂದನ್ನು ನಡುವೆ ಜೋಡಿಸಿ ಎಂಜಿನ್ ಚಾಲೂ ಮಾಡುತ್ತಾರೆ. ಪೈಪಿನಲ್ಲಿ ಒಂದು ಗುಳ್ಳೆ ಕಂಡರೂ ಎಲ್ಲೋ ಗಾಳಿ ಎಳೆಯುತ್ತಿದೆ ಎಂದರ್ಥ. ಗುಳ್ಳೆ ಕಾಣುತ್ತದೆ. ಮತ್ತೆ ಬೈಗುಳ, ಮತ್ತೆ ಗಾಡಿಯ ಕೆಳಗೆ.

ಎರಡನೇ ಸಲ ಪೈಪು ತಿಳಿಯಾಗಿದೆ. ಆದರೆ ಕೀಲಿಕೈ ಕೊಡುವ ಹೊತ್ತು ಇನ್ನೂ ಬಂದಿಲ್ಲ. ಶೆಡ್ಡಿನ ಒಳಗಿನಿಂದ ರೇವಣ ಎಂಬ ನಡುವಯಸ್ಸಿನವರು ಮರಳು ತುಂಬಿದ ಚೀಲಗಳನ್ನು ಹೆಗಲ ಮೇಲೆ ಹೊತ್ತು ತಂದು ಗಾಡಿಯ ಹಿಂಭಾಗಕ್ಕೆ ಹಾಕತೊಡಗುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ ಗುಫ್ರಾನ್ ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

“ಕೂಲಿ ಹೆಣ್ಮಕ್ಕಳ ಭಾರ ಅದು. ಒಂದು ಗಾಡ್ಯಾಗ ಎಷ್ಟು ಮಂದಿ ಹತ್ತತಾರೋ ಅಷ್ಟು ಭಾರ ಹಾಕಿ ನಾ ಮೊದಲ ಏರು ಹತ್ತಸ್ತೀನಿ. ಆಮ್ಯಾಲ ಅವ್ರು ಹತ್ತಲಿ. ಮರಳು ಸತ್ತರ ಯಾರೂ ಅಳಂಗಿಲ್ಲ.”

ಗುಫ್ರಾನ್ ಹುಟ್ಟಿದ್ದು ಕೋಟೆಯ ಹಿಂದಿನ ಓಣಿಯೊಂದರಲ್ಲಿ. ತಂದೆ ಖಾಜಾ ಸಾಬ್ ಹೊಲದ ಬಾವಿಗಳ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದರು. ನಗರದ ಅಂಚಿನ ಶರಣಸಿರಸಗಿ ಆಗ ಪೂರ್ತಿ ಹೊಲಗದ್ದೆಯ ಊರು, ಈಗಿನಂತೆ ಲೇಔಟುಗಳ ಕಲ್ಲು ನೆಟ್ಟಿರಲಿಲ್ಲ. ಮಗ ಸೈಕಲ್ಲಿನ ಹಿಂದೆ ಕೂತು, ತೊಡೆಯ ಮೇಲೆ ಬೋಲ್ಟು ಬಿಚ್ಚುವ ಪಾನಾಗಳ ಚೀಲ ಇಟ್ಟುಕೊಂಡು ತಂದೆಯ ಜೊತೆ ಬಾವಿಯಿಂದ ಬಾವಿಗೆ ಹೋಗುತ್ತಿದ್ದ. ಹತ್ತನೇ ತರಗತಿ ಮುಗಿದ ಮೇಲೆ ಡೀಸೆಲ್ ಪಂಪ್ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಬಹಳ ವರ್ಷ ಅಲ್ಲಿ ದುಡಿದು, ಆಮೇಲೆ ಗಂಜ್ ಎಂಬ ಸಗಟು ಮಾರುಕಟ್ಟೆಯ ಹತ್ತಿರ ಸ್ವಂತ ಗ್ಯಾರೇಜು ಹಾಕಿದರು. ಆ ಗ್ಯಾರೇಜು ಈಗಿಲ್ಲ. ಯಾಕಿಲ್ಲ ಎಂಬುದೇ ಈ ಲೇಖನ.

ಊರಲ್ಲಿ ಅವರಿಗೆ ‘ಗರಂ ಗುಫ್ರಾನ್’ ಎಂಬ ಹೆಸರಿದೆ. ಹೆಂಡತಿ ತಬಸ್ಸುಮ್‌ಗೆ ಆ ಹೆಸರು ಕೇಳಿದರೆ ನಗು ಬರುತ್ತದೆ. “ಮನ್ಯಾಗ ಬೆಕ್ಕಿಗೂ ಬೈಯಂಗಿಲ್ರಿ. ದಾಲ್‌ನ್ಯಾಗ ಉಪ್ಪು ಮರೆತ್ರೂ ಸುಮ್ನ ಉಣ್ತಾರ. ಮೊದಲ ಗ್ಯಾರೇಜಿನ್ಯಾಗೂ ಹಿಂಗಿರ್ಲಿಲ್ಲ. ಆ ಹುಡುಗಿ ಸತ್ತ ಮ್ಯಾಲ ಹಿಂಗಾಗ್ಯಾರ.”

ಆ ಹುಡುಗಿಯ ಹೆಸರು ಮಲ್ಲಿಕಾ.

ಮರಳು ಚೀಲ ತುಂಬಿದ ಗಾಡಿಯಲ್ಲಿ ನಾವು ಕಮಲಾಪುರದ ಕಡೆಗೆ ಹೊರಡುತ್ತೇವೆ. ಗುಫ್ರಾನ್ ಸ್ಟಿಯರಿಂಗ್ ಹಿಡಿದಿದ್ದಾರೆ, ನಡುವೆ ನಾನು, ಬಾಗಿಲ ಪಕ್ಕ ರೇವಣ. ಗುಫ್ರಾನ್ ಕಣ್ಣು ರಸ್ತೆಗಿಂತ ಹೆಚ್ಚು ಡ್ಯಾಶ್‌ಬೋರ್ಡಿಗೆ ಟೇಪು ಸುತ್ತಿ ಅಂಟಿಸಿದ ಪುಟ್ಟ ಗೇಜಿನ ಮೇಲಿದೆ. ಡೀಸೆಲ್ ಎಷ್ಟು ಒತ್ತಡದಲ್ಲಿ ಎಂಜಿನ್ನಿಗೆ ಹೋಗುತ್ತಿದೆ ಎಂದು ಅದರ ಮುಳ್ಳು ತೋರಿಸುತ್ತದೆ. ಕಮಲಾಪುರ ಹತ್ತಿರ ಬಂದಾಗ ಅವರು ಹೆದ್ದಾರಿ ಬಿಟ್ಟು ಹೊಲಗಳ ನಡುವಿನ ಒಳರಸ್ತೆಗೆ ತಿರುಗಿಸುತ್ತಾರೆ. ಎರಡೂ ಕಡೆ ಕೆಂಪು ಮಣ್ಣು, ತೊಗರಿ ಸಾಲು, ಅಲ್ಲಲ್ಲಿ ಬಾಳೆಯ ತೋಟ. ಮುಂದೆ ರಸ್ತೆ ತಿರುವು ತೆಗೆದುಕೊಂಡು ಊರಿನ ಕಡೆಗೆ ಕಡಿದಾಗಿ ಏರುತ್ತದೆ. ಬಲಕ್ಕೆ ತಗ್ಗು, ಅದಕ್ಕೆ ತಡೆಗೋಡೆ ಇಲ್ಲ.

ಏರಿನ ಬುಡದಲ್ಲಿ ಗಾಡಿ ನಿಲ್ಲುತ್ತದೆ. ರೇವಣ ಬಾಗಿಲು ತೆಗೆದು ಇಳಿದು ರಸ್ತೆಯ ಅಂಚು ಹಿಡಿದು ಮೇಲಕ್ಕೆ ನಡೆಯತೊಡಗುತ್ತಾರೆ. ಯಾವ ಗಾಡಿಯೇ ಇರಲಿ, ಈ ಏರಿನಲ್ಲಿ ಅವರು ಕೂರುವುದಿಲ್ಲ. ಮೂರು ವರ್ಷದ ಹಿಂದೆ ಇಲ್ಲಿ ಹಿಂದಕ್ಕೆ ಉರುಳಿದ ಗಾಡಿಯನ್ನು ಓಡಿಸುತ್ತಿದ್ದವರು ಅವರೇ.

ಆ ಗಾಡಿ ಗುರುಪ್ರಸಾದ ಎಂಬ ಬಾಳೆ ವ್ಯಾಪಾರಿಯದು. ಅವರ ಪಿಕಪ್‌ಗಳು ಬೆಳಿಗ್ಗೆ ಕಮಲಾಪುರದ ಕೂಲಿ ಹೆಂಗಸರನ್ನು ಹೊಲಗಳಿಗೆ ಇಳಿಸಿ, ಹಗಲೆಲ್ಲ ಕೆಂಪು ಬಾಳೆಗೊನೆಗಳನ್ನು ಕಲಬುರಗಿಗೆ ಸಾಗಿಸಿ, ಸಂಜೆ ಹೆಂಗಸರನ್ನು ಮತ್ತೆ ಊರಿಗೆ ಮುಟ್ಟಿಸುತ್ತಿದ್ದವು. ಅಪಘಾತಕ್ಕೆ ಕೆಲವೇ ದಿನ ಮೊದಲು ಗಾಡಿ ಏರಿನಲ್ಲಿ ಮುಗ್ಗರಿಸುತ್ತಿದೆ ಎಂದು ರೇವಣ ಅದನ್ನು ಗುಫ್ರಾನ್ ಗ್ಯಾರೇಜಿಗೆ ತಂದಿದ್ದರು. ಗುಫ್ರಾನ್ ಪಂಪು ಪರೀಕ್ಷಿಸಿದರು. ಅದು ಸಾಯುವ ಸ್ಥಿತಿಯಲ್ಲಿತ್ತು. ರೇವಣನ ಎದುರಿಗೇ ಗುರುಪ್ರಸಾದರಿಗೆ ಫೋನ್ ಮಾಡಿದರು.

“ನಾ ಹೇಳಿದ್ನಿ, ಸಾವ್ಕಾರ್ರೇ, ಈ ಪಂಪ್ ತೆಗೀಬೇಕು, ಇದಕಿಂತ ಜೋರಂದು ಹಾಕಬೇಕು, ನಿಮ್ಮ ಗಾಡಿ ಲೋಡ್ ತಗೊಂಡು ಏರು ಹತ್ತತದ ಅಂತ. ಅವ್ರೇನಂದ್ರು ಗೊತ್ತದೇನ್ರಿ? ಸೀಸನ್ ಮುಗೀಲಿ, ಈಗ ಗಾಡಿ ನಿಲ್ಸಾಕ ಆಗಂಗಿಲ್ಲ, ಹಂಗೇ ಕಳಸು ಅಂದ್ರು. ನಾ ಕೀಲಿಕೈ ಕೊಡಂಗಿಲ್ಲ ಅಂದೆ. ಮಧ್ಯಾಹ್ನಕ್ಕ ಮತ್ತೊಂದು ಕೀಲಿಕೈ ಕೊಟ್ಟು ಮಂದಿ ಕಳಿಸಿ ಗಾಡಿ ಒಯ್ದ್ರು.”

ಇದನ್ನು ಹೇಳುವಾಗ ಗುಫ್ರಾನ್ ಧ್ವನಿ ಏರುವುದಿಲ್ಲ. ಪಂಪಿಗೆ ಬೈಯುವಾಗಿನ ಗದ್ದಲ ಇಲ್ಲಿಲ್ಲ.

ಅದು ತೊಗರಿ ಹೊಲದಲ್ಲಿ ಕಳೆ ತೆಗೆಯುವ ಕಾಲ. ಮಲ್ಲಿಕಾ ಕೂಲಿಯವಳಲ್ಲ, ಕಾಲೇಜಿಗೆ ಹೋಗುತ್ತಿದ್ದಳು. ಆ ದಿನ ತಾಯಿ ಸೂಗಮ್ಮನಿಗೆ ಜ್ವರ ಬಂದಿತ್ತು. ಒಂದು ಕೈ ಕಡಿಮೆಯಾದರೆ ಮರುದಿನ ಕರೆಯುವುದಿಲ್ಲ ಎಂಬ ಭಯಕ್ಕೆ ಮಗಳು ತಾಯಿಯ ಬದಲಿಗೆ ಹೊರಟಿದ್ದಳು. ಸಂಜೆ ಹೊಲದಿಂದ ಮರಳುವಾಗ ಗಾಡಿಯ ಅರ್ಧಕ್ಕೆ ಗೊಬ್ಬರದ ಚೀಲ ತುಂಬಿದ್ದರು. ಉಳಿದ ಅರ್ಧದಲ್ಲಿ, ಚೀಲಗಳ ಮೇಲೆ, ಅಂಚಿನ ಮೇಲೆ ಹೆಂಗಸರು. ಅವರ ತಂಡದ ಹಿರಿಯಳು ಬಂಡಮ್ಮ.

“ಕೂಸು ಹತ್ತಾಕ ಹೆದರ್ತಿತ್ರಿ, ದಿನಾ ಹತ್ತಿ ರೂಢಿ ಇಲ್ಲ ನೋಡ್ರಿ. ನಾನೇ ಕೈ ಹಿಡದು ಮ್ಯಾಲ ಎಳಕೊಂಡೆ,” ಎಂದು ಬಂಡಮ್ಮ ನನಗೆ ಆಮೇಲೆ ಹೇಳಿದರು. “ಏರಿನ್ಯಾಗ ಎಂಜಿನ್ ಸಪ್ಪಳ ನಿಂತಿತು. ಗಪ್ ಅಂತ ನಿಂತಿತು. ಒಂದ್ ಗಳಿಗಿ ಏನೂ ಇಲ್ಲ. ಆಮ್ಯಾಲ ಗಾಡಿ ಹಿಂದಕ ಬರಾಕತ್ತಿತು. ರೇವಣ ಚೀರಿದ, ಜಿಗೀರಿ, ಜಿಗೀರಿ ಅಂತ. ಎಲ್ಲಿ ಜಿಗಿಯೋದು?”

ಗಾಡಿ ತಗ್ಗಿಗೆ ಬಿತ್ತು. ಮಲ್ಲಿಕಾ ಗೊಬ್ಬರದ ಚೀಲಗಳ ಅಡಿಯಲ್ಲಿ ಸಿಕ್ಕಿದ್ದಳು. ಬಂಡಮ್ಮನ ಎಡಗಾಲು ಮೂರು ಕಡೆ ಮುರಿದಿತ್ತು. ಇತರ ಹೆಂಗಸರಿಗೂ ಗಾಯ. ಬ್ರೇಕಿನ ಮೇಲೆ ಎರಡೂ ಕಾಲಿಟ್ಟು ನಿಂತಿದ್ದ ರೇವಣ ಕೊನೆಯವರೆಗೂ ಜಿಗಿಯಲಿಲ್ಲ. ಅದೃಷ್ಟಕ್ಕೆ ಬದುಕಿದರು ಎನ್ನಬೇಕು. ಆದರೆ ಅದೃಷ್ಟ ಅನ್ನುವ ಮಾತನ್ನು ಅವರೆದುರು ಆಡುವಂತಿಲ್ಲ.

ಮರುದಿನದ ಪತ್ರಿಕೆಗಳಲ್ಲಿ ಚಾಲಕನ ನಿರ್ಲಕ್ಷ್ಯ ಎಂದಿತ್ತು. ಪೊಲೀಸರಿಗೆ ಗುರುಪ್ರಸಾದರು ಹೇಳಿದ್ದೂ ಅದನ್ನೇ. ಡ್ರೈವರ್ ಕುಡಿದಿದ್ದ, ಗಾಡಿಗೆ ಏನೂ ಆಗಿರಲಿಲ್ಲ, ಆಗಿದ್ದರೆ ಮೆಕ್ಯಾನಿಕ್ಕು ಕೆಡಿಸಿ ಕಳಿಸಿರಬೇಕು. ಒಂದೇ ಉಸಿರಿನಲ್ಲಿ ಇಬ್ಬರ ಮೇಲೆ. ಆಸ್ಪತ್ರೆಯ ಮಂಚದ ಮೇಲಿದ್ದ ರೇವಣನನ್ನು ಬಂಧಿಸಿದರು. ಗುಫ್ರಾನ್‌ರನ್ನು ಠಾಣೆಗೆ ಕರೆಸಿ ದಿನವಿಡೀ ಬೆಂಚಿನ ಮೇಲೆ ಕೂರಿಸಿದರು. ಹೆಂಗಸರ ಮನೆಗಳಿಗೆ ಬಂದ ವಿಮೆಯವರು, ನೀವು ಸರಕಿನ ಗಾಡಿ ಹತ್ತಿದ್ದೇ ತಪ್ಪು, ಆ ಗಾಡಿಯಲ್ಲಿ ಮನುಷ್ಯರಿಗೆ ಲೆಕ್ಕವೇ ಇಲ್ಲ ಎಂದು ಹೇಳಿ ಹೋದರು. ಗೊಬ್ಬರದ ಚೀಲಕ್ಕೆ ಲೆಕ್ಕವಿತ್ತು. ಮಲ್ಲಿಕಾಗೆ ಇರಲಿಲ್ಲ. ಇಷ್ಟನ್ನು ಬರೆಯುವಾಗ ತಣ್ಣಗಿರುವುದು ಹೇಗೆಂದು ನನಗೆ ಗೊತ್ತಿಲ್ಲ.

ಗುಫ್ರಾನ್‌ಗೆ ಒಂದು ದಾರಿ ತೆರೆದಿತ್ತು. ಗುರುಪ್ರಸಾದರ ಕಡೆಯವರು ಗ್ಯಾರೇಜಿಗೆ ಬಂದು ಚಹಾ ಕುಡಿದು ಅದನ್ನು ತೋರಿಸಿ ಹೋದರು. ಗಾಡಿ ಸರಿ ಇತ್ತು, ಡ್ರೈವರ್ ಬಾಯಲ್ಲಿ ವಾಸನೆ ಬರುತ್ತಿತ್ತು ಎಂದು ಎರಡು ಮಾತು ಹೇಳಿದರೆ ಮೆಕ್ಯಾನಿಕ್ಕಿನ ಹೆಸರು ಕೇಸಿನಿಂದ ಹೊರಗೆ. ಹೇಳದಿದ್ದರೆ ಗಂಜಿನ ವ್ಯಾಪಾರಿಗಳ ಒಂದು ಗಾಡಿಯೂ ಇತ್ತ ಬರುವುದಿಲ್ಲ.

“ರೇವಣ ಶರಣಬಸಪ್ಪನ ಭಕ್ತ, ಬೀಡಿ ಸೈತ ಸೇದಂಗಿಲ್ಲ. ಅಂಥಾವನ ಬಾಯಾಗ ನಾ ಶೆರೆ ಹಾಕಲೇನು?” ಎಂದು ಗುಫ್ರಾನ್ ಕೇಳುತ್ತಾರೆ. “ಅವರ ಚಹಾದ ಗ್ಲಾಸ್ ತಗೊಂಡು ರಸ್ತೆಗೆ ಚೆಲ್ಲಿದ್ನಿ. ಎದ್ದು ಹೋಗ್ರಿ ಅಂದ್ನಿ. ಅವತ್ತಿಂದ ಗರಂ ಗುಫ್ರಾನ್ ಆಗೀನಿ.”

ಗುರುಪ್ರಸಾದರ ಕಡೆಯವರು ಹೇಳಿದಂತೆಯೇ ಆಯಿತು. ಗಾಡಿಗಳು ಬರುವುದು ನಿಂತಿತು. ಹಳೆಯ ಗಿರಾಕಿಗಳು ಎದುರು ಸಿಕ್ಕರೆ ಮುಖ ತಿರುಗಿಸಿದರು. ಜಾಗದ ಮಾಲೀಕರು ಗ್ಯಾರೇಜು ಖಾಲಿ ಮಾಡಿಸಿದರು. ಆ ದಿನಗಳಲ್ಲಿ ತಬಸ್ಸುಮ್ ಹೊಲಿಗೆಯಿಂದ ಮನೆ ನಡೆಯಿತು. ಒಂದು ರಾತ್ರಿ ಗುಫ್ರಾನ್ ಸೋತ ಧ್ವನಿಯಲ್ಲಿ, ಆ ಎರಡು ಮಾತು ಹೇಳಿಬಿಡಲೇನು ಎನ್ನಲು ಹೋದಾಗ ಆಕೆ ಹೇಳಿದ ಮಾತನ್ನು ಅವರು ಹೆಮ್ಮೆಯಿಂದ ಒಪ್ಪಿಸುತ್ತಾರೆ: “ಸುಳ್ಳು ಹೇಳಿ ತಂದ ರೊಟ್ಟಿ ಈ ಮನ್ಯಾಗ ಬೇಯಂಗಿಲ್ಲ ಅಂದ್ಲು. ಮುಗೀತು. ಮತ್ತ ಆ ಮಾತ್ ಬರ್ಲಿಲ್ಲ.”

ಕೇಸು ನ್ಯಾಯಾಲಯದಲ್ಲಿ ನಡೆಯಿತು. ಫೋನಿನಲ್ಲಿ ತಾನು ಏನು ಹೇಳಿದೆ, ಮಾಲೀಕರು ಏನು ಹೇಳಿದರು ಎಂದು ಗುಫ್ರಾನ್ ಸಾಕ್ಷಿ ನುಡಿದರು. ಬಂಡಮ್ಮ ಎರಡು ಬಗಲುಗೋಲು ಊರಿಕೊಂಡು ಬಂದು, ಮೊದಲು ಎಂಜಿನ್ ಸದ್ದು ನಿಂತಿತು, ಆಮೇಲೆ ಗಾಡಿ ಹಿಂದಕ್ಕೆ ಹೋಯಿತು ಎಂದು ಹೇಳಿದರು. ವಕೀಲರು ಎಷ್ಟು ತಿರುಗಿಸಿ ಕೇಳಿದರೂ ಅದನ್ನೇ ಹೇಳಿದರು. ರೇವಣ ಖುಲಾಸೆಯಾದರು. ಆದರೆ ಅಷ್ಟೇ. ಚಾಲಕನ ತಪ್ಪಿಲ್ಲ ಎಂದಾದ ಮೇಲೆ ಯಾರ ತಪ್ಪು ಎಂಬ ಪ್ರಶ್ನೆಯನ್ನು ಯಾರೂ ಮುಂದಕ್ಕೆ ಒಯ್ಯಲಿಲ್ಲ. ಗುರುಪ್ರಸಾದರ ಗಾಡಿಗಳು ಅದೇ ಪಂಪುಗಳೊಂದಿಗೆ, ಅದೇ ಏರಿನಲ್ಲಿ, ಅದೇ ಹೆಂಗಸರನ್ನು ಹೊತ್ತು ಓಡುತ್ತಲೇ ಇದ್ದವು.

ಅವನ್ನು ನಿಲ್ಲಿಸಿದ್ದು ಕಾನೂನಲ್ಲ, ಬಂಡಮ್ಮ.

ಕಾಲು ಸೊಟ್ಟಗೆ ಕೂಡಿಕೊಂಡ ಮೇಲೆ, ಒಂದು ಬೆಳಗಿನ ಜಾವ ಬಂಡಮ್ಮ ಕೋಲೂರಿಕೊಂಡು ಕಮಲಾಪುರದ ಗಾಡಿ ಕಟ್ಟೆಗೆ ಬಂದರು. ಕೂಲಿ ಹೆಂಗಸರೆಲ್ಲ ಅಲ್ಲಿ ಸೇರಿ ಪಿಕಪ್‌ಗಳಿಗೆ ಕಾಯುತ್ತಾರೆ. ಮೊದಲ ಗಾಡಿ ಬಂದು ನಿಂತಿತು. ಚಾಲಕ ಹೊಸಬ. ಬಂಡಮ್ಮ ಅವನನ್ನು ಕೇಳಿದರು, “ಏ ತಮ್ಮಾ, ಪಂಪ್ ಬದಲಿ ಮಾಡ್ಯಾರೇನು?”

ಅವನು ನಕ್ಕ. “ಯಾವ ಪಂಪ್ ಆಯೀ? ಹತ್ತು ಹತ್ತು, ತಡ ಆಗ್ತದ.”

ಬಂಡಮ್ಮ ಹತ್ತಲಿಲ್ಲ. ಗಾಡಿಯ ಮುಂದೆ ನೆಲದ ಮೇಲೆ, ಮಡಚಲಾಗದ ಕಾಲನ್ನು ಚಾಚಿಕೊಂಡು ಕೂತರು. ಚಾಲಕ ಹಾರ್ನ್ ಹೊಡೆದ. ಸೂಗಮ್ಮ ಬಂದು ಪಕ್ಕದಲ್ಲಿ ಕೂತಳು. ಮಗಳು ಹೋದ ಮೇಲೂ ಹೊಟ್ಟೆಗಾಗಿ ಅದೇ ಗಾಡಿಗಳನ್ನು ಹತ್ತುತ್ತಿದ್ದ ತಾಯಿ ಆಕೆ. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಬುತ್ತಿಯ ಗಂಟುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಟ್ಟೆಯ ಹೆಂಗಸರೆಲ್ಲ ರಸ್ತೆಯಲ್ಲಿ ಕೂತರು.

ಒಂದು ದಿನದಲ್ಲಿ ಮುಗಿಯುವ ಮಾತಾಗಿರಲಿಲ್ಲ. ಮನೆಯಲ್ಲಿ ಒಲೆ ಹೊತ್ತದೆ ಕೆಲವರು ಎದ್ದು ಹೋದರು, ಅವರ ಮೇಲೆ ಉಳಿದವರು ಕೂಗಾಡಿದರು, ಅಳು ಜಗಳ ಎಲ್ಲ ಆಯಿತು. ಮಾಲೀಕರ ಕಡೆಯವರು ಬೇರೆ ಊರಿಂದ ಹೆಂಗಸರನ್ನು ಕರೆತಂದರು. ಬಂಡಮ್ಮ ಅವರೆದುರು ಸೀರೆಯ ಅಂಚು ಎತ್ತಿ ತನ್ನ ಕಾಲು ತೋರಿಸಿದರು. ಸೂಗಮ್ಮ ಮಗಳ ಹೆಸರು ಹೇಳಿದಳು. ಬಂದವರು ಗಾಡಿಯಿಂದ ಇಳಿದು ಅವರ ಜೊತೆಗೇ ಕೂತರು. ಹೊಲದಲ್ಲಿ ಕಳೆ ಮೊಣಕಾಲಿಗೆ ಬಂತು. ತೋಟದಲ್ಲಿ ಗೊನೆಗಳು ಗಿಡದಲ್ಲೇ ಹಣ್ಣಾಗತೊಡಗಿದವು. ಕೊನೆಗೆ ಗುರುಪ್ರಸಾದರು ತಾವೇ ಬಂದರು. ಪಂಪು ಬದಲಿಸುತ್ತೇನೆ, ಏಳಿ ಎಂದರು.

“ಯಾರ ಕೈಲಿ ಬದಲಿಸ್ತೀರಿ?” ಬಂಡಮ್ಮ ಕೇಳಿದರು.

“ಯಾರಾದ್ರೇನು? ನನ್ನ ಮೆಕ್ಯಾನಿಕ್ ಅದಾನ.”

“ನಿಮ್ಮಾಂವ ಬ್ಯಾಡ್ರಿ. ಗುಫ್ರಾನ್ ಮಾಡಬೇಕು. ಅಂವ ಏರು ಹತ್ತಿಸಿ ತೋರಸಬೇಕು. ಅಂವ ಹೂಂ ಅಂದ್ರ ಹತ್ತತೀವಿ. ಇಲ್ಲಂದ್ರ ನಿಮ್ಮ ಕಳಿ ನೀವು ತೆಕ್ಕೋರಿ.”

ಸಾಹುಕಾರರು ಒಪ್ಪಿ ತಲೆಯಾಡಿಸಿದರಂತೆ.

ಇತ್ತ ಕಲಬುರಗಿಯಲ್ಲಿ ಗುಫ್ರಾನ್ ಆಗಷ್ಟೇ ಈ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಗುರುಪ್ರಸಾದರ ಗಾಡಿಗಳು ಸಾಲಾಗಿ ಬಂದು ನಿಂತಾಗ ಅವರು ಪಾನಾ ಎಸೆದು ಒಳಗೆ ಹೋದರು. ಈ ಗಾಡಿ ಮುಟ್ಟುವುದಿಲ್ಲ ಎಂದರು. ತಮ್ಮ ಅಂಗಡಿ ಮುಚ್ಚಿಸಿದವನ, ಗೆಳೆಯನನ್ನು ಜೈಲಿಗೆ ಕಳಿಸಿದವನ ಗಾಡಿ. ಚಾಲಕರು ಬೇಡಿಕೊಂಡರು. ಜಗ್ಗಲಿಲ್ಲ. ಆಗ ಬಂಡಮ್ಮ ಯಾರದೋ ಮೊಬೈಲಿನಿಂದ ಫೋನ್ ಮಾಡಿದರು.

“ನಾ ಅಂದೆ, ಅಕ್ಕಾ, ಆ ಮನಷ್ಯಾನ ಗಾಡಿಗೆ ನಾ ಕೈ ಹಚ್ಚಂಗಿಲ್ಲ, ನನ್ನ ಕೇಳಬ್ಯಾಡ,” ಗುಫ್ರಾನ್ ನೆನೆಯುತ್ತಾರೆ. “ಆಕಿ ಅಂದ್ಲು, ತಮ್ಮಾ, ಗಾಡಿ ಅವಂದೇ ಇರ್ಬಹುದು. ಒಳಗ ಕುಂಡ್ರೋರು ನಾವು. ನೀ ಯಾರ ಮ್ಯಾಲ ಸಿಟ್ಟು ತೀರಿಸ್ತಿ? ಅಂದ್ಲು. ಫೋನ್ ಇಟ್ಟು ಗಾಡಿ ಕೆಳಗ ಹೋದ್ನಿ. ಕೆಳಗ ಮಲಗಿ ಅತ್ತೀನ್ರಿ. ಸಿಟ್ಟಿಗೆ ಅತ್ತೀನಿ, ದುಃಖಕ್ಕಲ್ಲ. ಕಣ್ಣಾಗ ಡೀಸೆಲ್ ಬಿದ್ದದ ಅಂತ ಡ್ರೈವರಗಳಿಗೆ ಹೇಳಿದ್ನಿ.”

ಪ್ರತಿ ಗಾಡಿಯ ಪಂಪು ತೆಗೆದರು. ಪಂಪಿಗೆ ತಕ್ಕ ವೈರು, ಫಿಲ್ಟರು, ಸ್ವಿಚ್ಚು ಯಾವುದನ್ನೂ ಬಿಡಲಿಲ್ಲ. ಮಾಲೀಕರ ಕಡೆಯವರು, ಪಂಪು ಒಂದು ಹಾಕು, ಉಳಿದದ್ದು ಬೇಡ ಎಂದಾಗ ಹಾಕಿದ ಪಂಪನ್ನೂ ಬಿಚ್ಚಿ ಕೈಗಿಟ್ಟರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಮರಳು ಚೀಲದ ಪದ್ಧತಿ ಶುರುವಾದದ್ದು ಆಗಲೇ. ಆ ಚೀಲಗಳನ್ನು ತುಂಬಿದವರು ರೇವಣ. ಲೈಸೆನ್ಸು ಮರಳಿ ಬಂದರೂ ಅವರು ಮತ್ತೆ ಗಾಡಿ ಓಡಿಸಲಿಲ್ಲ. ಈಗ ಶೆಡ್ಡಿನಲ್ಲಿ ಗುಫ್ರಾನ್ ಜೊತೆಗಾರ.

ಕಮಲಾಪುರದ ಗಾಡಿಗಳ ಸುದ್ದಿ ಬೇರೆ ಕಟ್ಟೆಗಳಿಗೂ ಹೋಯಿತು. ಬೇರೆ ಮಾಲೀಕರ ಪಿಕಪ್‌ಗಳು ಬರತೊಡಗಿದವು, ಕೆಲವನ್ನು ಹೆಂಗಸರೇ ಕಳಿಸಿದರು, ಕೆಲವನ್ನು ಹೆದರಿದ ಚಾಲಕರು. ಗುಫ್ರಾನ್ ಈಗ ವಾರಕ್ಕೆರಡು ಮುಂಜಾನೆ ಕಮಲಾಪುರಕ್ಕೆ ಹೋಗಿ, ತಾವು ಮಾಡಿದ ಗಾಡಿಗಳನ್ನು ಕಟ್ಟೆಯಲ್ಲೇ ಮತ್ತೆ ಪರೀಕ್ಷಿಸುತ್ತಾರೆ. ಯಾವನಾದರೂ ಚಾಲಕ ಸಸ್ತಾ ಎಂದು ನಕಲಿ ಪಂಪು ಹಾಕಿಸಿಕೊಂಡಿದ್ದರೆ ಅವತ್ತು ಇಡೀ ಕಟ್ಟೆಗೆ ಕೇಳುವಂತೆ ಬೈಗುಳ.

ಏರಿನ ಬುಡದಲ್ಲಿ ನಿಂತಿದ್ದ ನಮ್ಮ ಗಾಡಿ ಈಗ ಹೊರಡುತ್ತದೆ. ಮರಳಿನ ಭಾರಕ್ಕೆ ಚಕ್ರದ ಮೇಲಿನ ಕಮಾನುಪಟ್ಟಿಗಳು ಕಿರುಗುಟ್ಟುತ್ತವೆ. ಎಂಜಿನ್ ಸದ್ದು ದಪ್ಪವಾಗುತ್ತದೆ. ನಾನು ಬಲಗಡೆಯ ತಗ್ಗನ್ನು ನೋಡದಿರಲು ಯತ್ನಿಸಿ ಸೋಲುತ್ತೇನೆ. ಗುಫ್ರಾನ್ ಏರಿನ ನಟ್ಟನಡುವೆ ಬೇಕೆಂದೇ ಗಾಡಿ ನಿಲ್ಲಿಸಿ ಮತ್ತೆ ಎತ್ತುತ್ತಾರೆ. ಗೇಜಿನ ಮುಳ್ಳು ಅಲುಗುವುದಿಲ್ಲ. ಏರಿನ ಮೇಲೆ ಬಂದು ಗಾಡಿ ಪಕ್ಕಕ್ಕೆ ಹಾಕಿ, ನಡೆದು ಬರುತ್ತಿರುವ ರೇವಣನಿಗಾಗಿ ಕಾಯುತ್ತೇವೆ. ಅವರು ಬಂದ ಮೇಲೆ ಗುಫ್ರಾನ್ ನೀರಿನ ಬಾಟಲಿ ಕೊಟ್ಟು ಕೇಳುತ್ತಾರೆ, “ಸಪ್ಪಳ ಹೆಂಗಿತ್ತು?”

“ಬರೋಬ್ಬರಿ ಇತ್ತು ಭಾಯಿ. ಎಲ್ಲೂ ಕಡೀಲಿಲ್ಲ,” ಎನ್ನುತ್ತಾರೆ ರೇವಣ. ಅವರು ಕೆಳಗಿಂದ ಪೂರ್ತಿ ಕಿವಿಗೊಟ್ಟು ಕೇಳುತ್ತಲೇ ಬಂದಿದ್ದಾರೆ.

ಕಟ್ಟೆಯಲ್ಲಿ ಹೆಂಗಸರು ಆಗಲೇ ಸೇರಿದ್ದಾರೆ. ಬಂಡಮ್ಮ ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದಾರೆ. ಕಳೆ ತೆಗೆಯಲು ಬಗ್ಗುವುದು ಈಗ ಅವರಿಂದಾಗದು. ಬಾಳೆಗೊನೆಗೆ ಹುಲ್ಲು ಸುತ್ತುವ ಕೆಲಸಕ್ಕೆ ಹೋಗುತ್ತಾರೆ. ಗಾಡಿ ಕಂಡು, “ಹತ್ತೀತೇನೋ ತಮ್ಮಾ?” ಎಂದು ಕೇಳುತ್ತಾರೆ.

“ಹತ್ತೇದ ಅಕ್ಕಾ. ನಿಂದ್ರು, ಮರಳು ಇಳಸ್ತೀವಿ.”

ಹೆಂಗಸರೇ ಕೈಹಾಕಿ ಚೀಲ ಇಳಿಸುತ್ತಾರೆ. ಚೀಲಗಳಿದ್ದ ಜಾಗದಲ್ಲಿ ಅವರು ಹತ್ತಿ ನಿಲ್ಲುತ್ತಾರೆ.

ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದೇ ಅಪರಾಧವಲ್ಲವೇ, ನೀವು ಅದನ್ನು ಗಟ್ಟಿ ಮಾಡಿಕೊಡುತ್ತಿದ್ದೀರಲ್ಲ ಎಂದು ನಾನು ಗುಫ್ರಾನ್‌ರನ್ನು ಕೇಳುತ್ತೇನೆ. ಕೇಳಬಾರದಿತ್ತೇನೋ. ಮುಂಜಾನೆ ಪಂಪಿನ ಮೇಲೆ ಬಿದ್ದ ಸಿಟ್ಟು ಈಗ ನನ್ನ ಕಡೆ ತಿರುಗುತ್ತದೆ.

“ಒಬ್ಬ ಪೊಲೀಸ್ ಸಾಹೇಬ್ರೂ ಹಿಂಗೇ ಕೇಳಿದ್ರು. ಅಪರಾಧ ಅದ, ನನಗ ಗೊತ್ತದ. ದಿನಾ ಈ ಗಾಡಿ ಮುಟ್ಟುವಾಗ ನನ್ನ ಕೈ ಉರೀತದ. ಆ ಸಾಹೇಬ್ರಿಗೆ ಅಂದ್ನಿ, ಹಿಡೀರಿ ಅಂದ್ರ ನೀವು ಯಾರನ್ನ ಹಿಡೀತೀರಿ? ಡ್ರೈವರನ್ನ ಹಿಡೀತೀರಿ. ಹೆಣ್ಮಕ್ಕಳನ್ನ ಇಳಸ್ತೀರಿ. ಅವ್ರು ನಡಕೊಂಡು ಹೊಲಕ್ಕ ಮುಟ್ಟೋದ್ರಾಗ ಬಿಸಲೇರಿರ್ತದ, ತಡ ಆತು ಅಂತ ಹೊಳ್ಳಿ ಕಳಸ್ತಾರ. ಸಾವ್ಕಾರನ್ನ ಯಾರೂ ಮುಟ್ಟಂಗಿಲ್ಲ. ಹಂಗಾರ ನಾ ಏನ್ ಮಾಡಬೇಕು? ಪಂಪ್ ಸಾಯ್ಲಿ ಅಂತ ಬಿಡಬೇಕೇನು? ಹೇಳ್ರಿ.”

ಕಟ್ಟೆಯಲ್ಲಿ ಕಾಯುತ್ತಿದ್ದ ಚಾಲಕ ಹತ್ತಿ ಎಂಜಿನ್ ಚಾಲೂ ಮಾಡುತ್ತಾನೆ. ಹಗ್ಗ ಹಿಡಿದು, ಒಬ್ಬರ ಹೆಗಲು ಇನ್ನೊಬ್ಬರು ಹಿಡಿದು ನಿಂತ ಹೆಂಗಸರು ಗಾಡಿ ಎಳೆದ ರಭಸಕ್ಕೆ ಒಂದೇ ಸಲ ಹಿಂದಕ್ಕೆ ವಾಲಿ ಮತ್ತೆ ನೆಟ್ಟಗಾಗುತ್ತಾರೆ. ಸೂಗಮ್ಮ ಕೊನೆಯಲ್ಲಿದ್ದಾಳೆ, ಸೆರಗಿನಿಂದ ಧೂಳಿಗೆ ಬಾಯಿ ಮುಚ್ಚಿಕೊಂಡಿದ್ದಾಳೆ. ಗುಫ್ರಾನ್ ಕಣ್ಣು ಕಿರಿದು ಮಾಡಿ ಎಂಜಿನ್ ಸದ್ದು ಪೂರ್ತಿ ಕರಗುವವರೆಗೂ ಅತ್ತಲೇ ನೋಡುತ್ತಾರೆ.

ಆಮೇಲೆ ಧ್ವನಿ ಇಳಿಯುತ್ತದೆ. ನಿಮಗೇನು ಆಗಬೇಕೆಂದಿದೆ ಎಂದು ಕೇಳುತ್ತೇನೆ. ದೊಡ್ಡ ಗ್ಯಾರೇಜು ಎನ್ನುತ್ತಾರೇನೋ, ಗುರುಪ್ರಸಾದರಿಗೆ ಶಿಕ್ಷೆ ಎನ್ನುತ್ತಾರೇನೋ ಎಂದುಕೊಂಡಿದ್ದೆ.

“ಇವ್ರಿಗೊಂದು ಬಸ್ ಬಿಡ್ರಿ ಅಂತ ಬರೀರಿ ಸರ. ಮುಂಜಾನಿ ಒಂದು, ಸಂಜೀಕ ಒಂದು. ಬಂಡಮ್ಮಕ್ಕ ಸೀಟಿನ ಮ್ಯಾಲ ಕುಂತು, ಕಿಡಕಿ ಬಾಜೂಕ ಕುಂತು, ಆ ಕಾಲು ಚಾಚಕೊಂಡು ಕೂಲಿಗೆ ಹೋಗೋದು ಒಂದಿನ ನೋಡಬೇಕು. ಇವ್ರ ಗಾಡಿ ಒಂದೂ ನನ್ನ ಶೆಡ್ಡಿಗೆ ಬರ್ಲಿಲ್ಲಂದ್ರೂ ನಡೀತದ. ಲಾರಿ ಅದಾವ, ಟ್ರ್ಯಾಕ್ಟರ್ ಅದಾವ, ನನ್ನ ಹೊಟ್ಟಿ ನಾ ಹೊರಕೋತೀನಿ.”